ಮೇಷ್ಟ್ರನ್ನು ಕೇಳಿ: ಸ್ವೆಟರ್ ಹಾಕೋದು ಯಾವ ಊರಲ್ಲಿ?

ಪ್ರಶ್ನೆ: ಮೇಷ್ಟ್ರೇ, ಜೂನ್ ಕೊನೆಯಲ್ಲಿ ಮುಕ್ತಿನಾಥಕ್ಕೆ ಹೋಗಿದ್ದೆವು. ನೇಪಾಳ ಅಂದರೆ ಹಿಮ ಅಂತ ಸ್ವೆಟರ್, ಶಾಲು ಎಲ್ಲ ಹೊತ್ತುಕೊಂಡು ಹೋದೆವು. ಸುನೌಲಿ ಗಡಿಯಲ್ಲೇ ಬೆವರಿ ಒದ್ದೆ. ಪೋಖರಾದಲ್ಲಿ ಜಡಿಮಳೆ. ಜೋಮ್‌ಸೋಮ್‌ನಲ್ಲಿ ಕಣ್ಣಿಗೆ ದೂಳು, ಗುಡ್ಡದ ಮೇಲೆ ಮರವೇ ಇಲ್ಲ. ಒಂದೇ ದೇಶದಲ್ಲಿ ಹೀಗೇಕೆ?
– ಓದುಗರೊಬ್ಬರು, ಸಾಗರ

ಉತ್ತರ: ಸ್ವೆಟರ್ ದಂಡ ಆಗಿರಲಿಕ್ಕಿಲ್ಲ ಬಿಡಿ, ಮುಕ್ತಿನಾಥ 3,700 ಮೀಟರ್‌ಗಿಂತ ಎತ್ತರದಲ್ಲಿದೆ. ನಾನೂ ಸ್ವೆಟರ್ ಹೊತ್ತು ಬೆವರಿದವನೇ. ಮೂವತ್ತು ವರ್ಷ ಭೂಗೋಳ ಪಾಠ ಮಾಡಿದವನಿಗೆ ಅಷ್ಟೂ ತಿಳಿಯಲಿಲ್ವಾ ಅಂತ ಮನೆಯವರು ದಾರಿಯುದ್ದಕ್ಕೂ ಚುಚ್ಚಿದರು.

ನೇಪಾಳದವರು ತಮ್ಮ ದೇಶವನ್ನು ಮೂರು ಪಟ್ಟಿ ಮಾಡಿ ಹೇಳುತ್ತಾರೆ: ಕೆಳಗೆ ತರಾಯಿ, ನಡುವೆ ಪಹಾಡ್, ಮೇಲೆ ಹಿಮಾಲ್. ದಕ್ಷಿಣದಿಂದ ಉತ್ತರಕ್ಕೆ ಸರಾಸರಿ 200 ಕಿ.ಮೀ. ಕೂಡ ಇಲ್ಲ, ಬೆಂಗಳೂರಿನಿಂದ ಹಾಸನಕ್ಕೆ ಹೋದಷ್ಟು ಅಷ್ಟೆ. ಅಷ್ಟರಲ್ಲೇ ನೆಲ 100 ಮೀಟರ್‌ಗಿಂತ ತಗ್ಗಿನಿಂದ 8,848.86 ಮೀಟರ್‌ಗೆ ಏರುತ್ತದೆ. ನೀವು ಬೆವರಿದ್ದು ತರಾಯಿಯಲ್ಲಿ. ಗಂಗೆಯ ಬಯಲೇ ಅಲ್ಲಿಯವರೆಗೂ ಚಾಚಿದೆ. ಭತ್ತ, ಕಬ್ಬು, ಮಾವಿನ ತೋಪು. ದೇಶದ ಕಾಲು ಪಾಲು ಜಾಗವೂ ಇಲ್ಲ, ಆದರೆ ಅರ್ಧಕ್ಕಿಂತ ಜಾಸ್ತಿ ಜನ ಇರುವುದು ಅಲ್ಲೇ.

ಇನ್ನು ಪೋಖರಾ. ಅದು ನಮ್ಮ ಬೆಂಗಳೂರಿಗಿಂತ ತಗ್ಗಿನಲ್ಲಿದೆ ಅಂದರೆ ನಂಬುತ್ತೀರಾ? 820 ಮೀಟರ್ ಆಸುಪಾಸು. ಅಲ್ಲಿಂದ ಮೂವತ್ತು ಚಿಲ್ಲರೆ ಕಿ.ಮೀ. ದೂರದಲ್ಲೇ ಅನ್ನಪೂರ್ಣ ಸಾಲು ಗೋಡೆ ಕಟ್ಟಿದ ಹಾಗೆ ನಿಂತಿದೆ. ಬಂಗಾಳ ಕೊಲ್ಲಿಯಿಂದ ಬಂದ ಮೋಡ ಆ ಗೋಡೆಗೆ ಬಡಿದು, ಹೊತ್ತ ನೀರನ್ನೆಲ್ಲ ಈಚೆ ಕಡೆಯೇ ಸುರಿದುಬಿಡುತ್ತದೆ. ಪೋಖರಾ ದಾಟಿದ ಮೇಲೆ ಲುಮ್ಲೆ ಅಂತ ಊರು ಬಂತಲ್ಲ, ಅಲ್ಲಿ ವರ್ಷಕ್ಕೆ 5,000 ಮಿ.ಮೀ.ಗೂ ಮೀರಿ ಮಳೆ. ನೇಪಾಳದ ಆಗುಂಬೆ ಅದು. ಗೋಡೆಯ ಆಚೆ ಇರುವ ಜೋಮ್‌ಸೋಮ್‌ಗೆ 300 ಮಿ.ಮೀ. ಕೂಡ ಸಿಗುವುದಿಲ್ಲ. ನೀವು ಸಾಗರದವರು, ಘಟ್ಟ ಬಿಟ್ಟು ಚಳ್ಳಕೆರೆ ಕಡೆ ಹೋದರೆ ಏನಾಗುತ್ತದೆಂದು ಗೊತ್ತಲ್ಲ, ಅದೇ ಕತೆ.

ಮನೆಗಳ ಮಾಡು ನೋಡಿದ್ದರೆ ಅಲ್ಲೇ ಉತ್ತರ ಸಿಗುತ್ತಿತ್ತು. ಪಹಾಡಿನಲ್ಲಿ ಇಳಿಜಾರು ಮಾಡು, ಕಲ್ಲಿನ ಚಪ್ಪಡಿ ಹೊದಿಸಿದ್ದು. ಜೋಮ್‌ಸೋಮ್ ಕಡೆ ಮಣ್ಣಿನ ಚಪ್ಪಟೆ ಮಾಳಿಗೆ, ನಮ್ಮ ಬಯಲುಸೀಮೆಯದೇ ತರಹ. ಮಾಳಿಗೆಯ ಅಂಚಿಗೆ ಸುತ್ತಲೂ ಸೌದೆ ಪೇರಿಸಿಟ್ಟಿರುತ್ತಾರೆ. ಮಳೆ ಬಂದು ನೆನೆದೀತು ಅನ್ನುವ ಹೆದರಿಕೆಯೇ ಇಲ್ಲ!

ದೂಳಿನ ವಿಷಯ. ಅನ್ನಪೂರ್ಣ, ಧವಳಗಿರಿ ಎರಡೂ 8,000 ಮೀಟರ್ ದಾಟಿದ ಬೆಟ್ಟಗಳು. ನಡುವಿನ ಕಣಿವೆಯಲ್ಲಿ ಕಾಳಿ ಗಂಡಕಿ ಹರಿಯುತ್ತದೆ. ಬಿಸಿಲೇರಿದ ಹಾಗೆ ಮೇಲಿನ ಬೋಳು ನೆಲ ಕಾಯುತ್ತದೆ, ಕೆಳಗಿನ ಗಾಳಿಯನ್ನು ಈ ಕಣಿವೆಯಿಂದಲೇ ಎಳೆದುಕೊಳ್ಳುತ್ತದೆ. ಹನ್ನೊಂದರ ಹೊತ್ತಿಗೆ ಟೋಪಿ ನಿಲ್ಲುವುದಿಲ್ಲ. ಜೋಮ್‌ಸೋಮ್ ವಿಮಾನಗಳು ಬೆಳಗ್ಗೆಯೇ ಓಡಾಡಿ ಮುಗಿಸುವುದು ಇದಕ್ಕೇ.

ಪ್ರಶ್ನೆ: ಸಾಲಿಗ್ರಾಮ ಸಮುದ್ರದ ಪ್ರಾಣಿ ಅಂತ ಮೊಮ್ಮಗ ಹೇಳುತ್ತಾನೆ. ಗಂಡಕಿಯಲ್ಲಿ ಸಮುದ್ರ ಎಲ್ಲಿಂದ ಬರಬೇಕು?
– ಓದುಗರೊಬ್ಬರು, ಉಡುಪಿ

ಉತ್ತರ: ಮೊಮ್ಮಗನಿಗೆ ನೂರಕ್ಕೆ ನೂರು. ಹಿಮಾಲಯ ಏಳುವ ಮೊದಲು ಅಲ್ಲಿ ಟೆಥಿಸ್ ಅನ್ನುವ ಸಮುದ್ರ ಇತ್ತು. ಅದರಲ್ಲಿದ್ದ ಅಮೋನೈಟ್ ಅನ್ನುವ ಸುರುಳಿ ಚಿಪ್ಪಿನ ಪ್ರಾಣಿಗಳು ತಳದ ಕೆಸರಿನಲ್ಲಿ ಹೂತು ಕಲ್ಲಾದವು. ನಮ್ಮ ನೆಲ ಟಿಬೆಟ್ಟಿನ ನೆಲಕ್ಕೆ ಒತ್ತಿದಾಗ ಸಮುದ್ರದ ತಳವೇ ಮೇಲೆದ್ದಿತು. ಗಂಡಕಿ ಅದನ್ನು ಕೊರೆದು ಉರುಳಿಸಿ ತರುತ್ತಿದೆ. ಕೆಲವು ಸಾಲಿಗ್ರಾಮಗಳಲ್ಲಿ ತೂತಿನೊಳಗೆ ಚಕ್ರ ಕಾಣುತ್ತದಲ್ಲ, ಅದು ಆ ಚಿಪ್ಪಿನ ಗುರುತು. ನಮ್ಮ ದೇವರ ಮನೆಯಲ್ಲೂ ಅಜ್ಜನ ಕಾಲದ ಒಂದಿದೆ. ಇದೆಲ್ಲ ಗೊತ್ತಿದ್ದೂ ದಿನಾ ಅಭಿಷೇಕ ಮಾಡುತ್ತೇನೆ. ಸಮುದ್ರದ್ದು ತಾನೇ, ನೀರು ಹೊಸದಲ್ಲ ಅದಕ್ಕೆ.