220 ಬಾತ್ ತಪ್ಪಿಸುವ ಎಟಿಎಂ ಹುಡುಕುತ್ತಿರುವವರಿಗೆ

ಥಾಯ್ಲೆಂಡಿನಲ್ಲಿ ಇರುವ ಓದುಗರಿಂದ ಮತ್ತೆ ಅದೇ ಪ್ರಶ್ನೆ ಬಂದಿದೆ: ಶುಲ್ಕ ಹಾಕದ ಎಟಿಎಂ ಯಾವುದು? ಹಿಂದೆಯೂ ಉತ್ತರ ಬರೆದಿದ್ದೇನೆ. ಆದರೆ ರೀಲ್ಸ್ ಮಾಡುವವರು ಹೊಸ ಹೊಸ 'ಫ್ರೀ ಎಟಿಎಂ' ತೋರಿಸುತ್ತಲೇ ಇದ್ದಾರೆ, ಜನ ನಂಬುತ್ತಲೇ ಇದ್ದಾರೆ. ಹಾಗಾಗಿ ಈ ಸಲ ಹೆಚ್ಚಿನ ಜಾಗ ಇದಕ್ಕೇ. ಪಿನ್ ಯಾರಿಗೂ ಹೇಳಬೇಡಿ ಅನ್ನುವಂಥ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ, ಅವು ನಿಮಗೆ ಗೊತ್ತಿವೆ.

ಪ್ರಶ್ನೆ: ಡಿಟಿವಿ ವೀಸಾದಲ್ಲಿ (ಹೊರದೇಶದ ಕಂಪನಿಗೆ ದೂರದಿಂದ ಕೆಲಸ ಮಾಡುವವರಿಗೆ ಥಾಯ್ಲೆಂಡ್ ಕೊಡುವ ವೀಸಾ) ಚಿಯಾಂಗ್ ಮಾಯ್‌ನಲ್ಲಿದ್ದು ಬೆಂಗಳೂರಿನ ಕಂಪನಿಗೆ ಕೆಲಸ ಮಾಡುತ್ತಿದ್ದೇನೆ. ಸಂಬಳ ಊರಿನ ಖಾತೆಗೇ ಬರುತ್ತದೆ. ವಾರಕ್ಕೆ ಎರಡು ಮೂರು ಸಲ 2,000 ಬಾತ್ ತೆಗೆಯುತ್ತೇನೆ, ಪ್ರತಿ ಸಲ 220 ಬಾತ್ ಹೋಗುತ್ತದೆ. ಜಾಸ್ತಿ ತೆಗೆಯಲು ಹೋದರೆ ಮಿತಿ ಮೀರಿದೆ ಅನ್ನುತ್ತದೆ. ಶುಲ್ಕ ಇಲ್ಲದ ಮಷೀನ್ ಯಾವುದು, ಹೇಳಿ.

ಅಂಥ ಮಷೀನ್ ಇಲ್ಲ. ವಿದೇಶಿ ಕಾರ್ಡಿಗೆ ಶುಲ್ಕ ಹಾಕುವುದನ್ನು ಥಾಯ್ ಬ್ಯಾಂಕುಗಳು 2009ರಲ್ಲಿ 150 ಬಾತ್‌ನಿಂದ ಶುರು ಮಾಡಿದವು. ಏರುತ್ತಾ ಏರುತ್ತಾ 220ಕ್ಕೆ ಬಂತು. ಹಸಿರು ಕಾಸಿಕಾರ್ನ್ ಬ್ಯಾಂಕ್ ಇರಲಿ, ನೇರಳೆ ಬಣ್ಣದ ಸಿಯಾಮ್ ಕಮರ್ಷಿಯಲ್ ಇರಲಿ, ಹಳದಿಯ ಕ್ರುಂಗ್‌ಶ್ರೀ ಇರಲಿ, ಶುಲ್ಕ ಇದ್ದೇ ಇದೆ. ಹಣ ಕೊಡುವ ಮೊದಲು ಪರದೆ ಮೇಲೆ ಎಷ್ಟು ಅಂತ ತೋರಿಸಿ, ಒಪ್ಪಿಗೆ ಕೇಳುತ್ತದೆ. ಬೇಡ ಅಂದರೆ ಶುಲ್ಕವೂ ಇಲ್ಲ, ದುಡ್ಡೂ ಇಲ್ಲ. 'ಸೇವಿಂಗ್ಸ್ ಬದಲು ಕ್ರೆಡಿಟ್ ಒತ್ತಿ, ಶುಲ್ಕ ಬೀಳಲ್ಲ' ಅನ್ನುವುದು ಶುದ್ಧ ಸುಳ್ಳು. ಹೀಗೆ ಹೇಳಿ ಲೈಕ್ ಗಿಟ್ಟಿಸುವವರ ಮೇಲೆ ನನಗೆ ನಿಜವಾಗಿ ಸಿಟ್ಟಿದೆ. ಅವರ ಮಾತು ಕೇಳಿ ಕಳೆದುಕೊಳ್ಳುವವರು ತಿಂಗಳ ಕೊನೆಯಲ್ಲಿ ಲೆಕ್ಕ ಹಾಕಿ ಬದುಕುವ ಹುಡುಗ ಹುಡುಗಿಯರು.

ನಿಮ್ಮ ನಷ್ಟ ಮಷೀನ್ ಆರಿಸುವುದರಲ್ಲಿಲ್ಲ, ಎಷ್ಟು ಸಲ ತೆಗೆಯುತ್ತೀರಿ ಅನ್ನುವುದರಲ್ಲಿದೆ. ಆ 220 ಬಾತ್ ಒಂದು ಸಲಕ್ಕೆ. ನೀವು 500 ತೆಗೆಯಿರಿ, 20,000 ತೆಗೆಯಿರಿ, ಅಷ್ಟೇ. ಲೆಕ್ಕ ನೋಡಿ. ಒಂದು ಬಾತ್‌ಗೆ 2.70 ರೂಪಾಯಿ ಅಂತ ಇಟ್ಟುಕೊಳ್ಳೋಣ. ನೀವು ತೆಗೆದ 2,000 ಬಾತ್ ಅಂದರೆ 5,400 ರೂಪಾಯಿ. ಥಾಯ್ ಬ್ಯಾಂಕಿನ ಶುಲ್ಕ 594. ಅದರ ಮೇಲೆ ನಮ್ಮ ಬ್ಯಾಂಕಿನ ಮಾರ್ಕಪ್, ಅಂದರೆ ವಿದೇಶಿ ಹಣದ ವ್ಯವಹಾರಕ್ಕೆ ಸೇರಿಸುವ ಶುಲ್ಕ, ಸಾಮಾನ್ಯವಾಗಿ ನೂರಕ್ಕೆ 3.50, ಜೊತೆಗೆ ಅದಕ್ಕೆ ಜಿಎಸ್‌ಟಿ: ಸುಮಾರು 248. ಅನೇಕ ಬ್ಯಾಂಕುಗಳು ವಿದೇಶದ ಎಟಿಎಂ ಬಳಸಿದ್ದಕ್ಕೆ ಬೇರೆ ಶುಲ್ಕ ಹಾಕುತ್ತವೆ. 150 ಇದ್ದರೆ ಜಿಎಸ್‌ಟಿ ಸೇರಿ 177. ಒಟ್ಟು 1,019 ರೂಪಾಯಿ! ನೂರಕ್ಕೆ ಹತ್ತೊಂಬತ್ತು ಹೋಯಿತು. ಹೀಗೆ ಹತ್ತು ಸಲ ತೆಗೆದರೆ 10,000 ರೂಪಾಯಿ ದಾಟುತ್ತದೆ. ಅದೇ 20,000 ಬಾತ್ ಒಂದೇ ಸಲ ತೆಗೆದಿದ್ದರೆ ಎಲ್ಲ ಸೇರಿ 3,000 ರೂಪಾಯಿ ಆಸುಪಾಸು. ಕೈಯಲ್ಲಿ ದುಡ್ಡು ಇಟ್ಟುಕೊಳ್ಳಲು ಹೆದರಿಕೆ ಅಂತೀರಿ. ರೂಮಿನಲ್ಲಿ ಬೀಗ ಹಾಕಿ ಇಡಿ. ಆ ಹೆದರಿಕೆಗೆ ತಿಂಗಳಿಗೆ 7,000 ರೂಪಾಯಿ ಕೊಡುವುದು ಸರಿಯಲ್ಲ.

ಇನ್ನು ಮಿತಿ. ಒಂದಲ್ಲ, ಮೂರು ಮಿತಿಗಳಿವೆ, ಅವುಗಳಲ್ಲಿ ಸಣ್ಣದೇ ನಡೆಯುವುದು. ಥಾಯ್ ಮಷೀನು ಒಂದು ಸಲಕ್ಕೆ ಸಾಮಾನ್ಯವಾಗಿ 20,000ದಿಂದ 30,000 ಬಾತ್ ಕೊಡುತ್ತದೆ. ನಿಮ್ಮ ಬ್ಯಾಂಕ್ ಕಾರ್ಡಿನ ದರ್ಜೆ ನೋಡಿ ದಿನದ ಮಿತಿ ಇಟ್ಟಿರುತ್ತದೆ, ಅದೂ ರೂಪಾಯಿಯಲ್ಲಿ. ಮೂರನೆಯದು ಆ್ಯಪಿನಲ್ಲಿ ನೀವೇ ಇಟ್ಟ ಮಿತಿ. ಇದನ್ನು ಬಹಳ ಜನ ಮರೆತೇಬಿಡುತ್ತಾರೆ. ಆರ್‌ಬಿಐ 2020ರಲ್ಲಿ ತಂದ ನಿಯಮದ ಪ್ರಕಾರ ಹೊಸ ಕಾರ್ಡಿನಲ್ಲಿ ವಿದೇಶಿ ಬಳಕೆ ಮೊದಲಿಗೆ ಬಂದ್ ಇರುತ್ತದೆ. ನಾವೇ ಆನ್ ಮಾಡಿ ಮಿತಿ ಹಾಕಬೇಕು. ನಿಮ್ಮ ದಿನದ ಮಿತಿ 50,000 ರೂಪಾಯಿ ಇದ್ದರೆ 20,000 ಬಾತ್ ಬರುವುದೇ ಇಲ್ಲ, ಅದು 54,000 ಆಯಿತಲ್ಲ. 18,000 ಕೇಳಿದರೂ ಅಂಚಿಗೆ ಬರುತ್ತದೆ, ಯಾಕೆಂದರೆ 220 ಬಾತ್ ಕೂಡ ಅದರಲ್ಲೇ ಸೇರುತ್ತದೆ. 17,000 ಕೇಳಿ. ಅಥವಾ ಆ್ಯಪಿನಲ್ಲಿ ಮಿತಿ ಏರಿಸಿ, ಕೆಲಸ ಮುಗಿದ ಮೇಲೆ ಇಳಿಸಿ. ನಾನಂತೂ ಮಿತಿಯನ್ನು ಮೇಲೆಯೇ ಬಿಟ್ಟು ತಿರುಗಾಡಿ ಅಂತ ಯಾರಿಗೂ ಹೇಳುವುದಿಲ್ಲ.

ನೀವು ಕೇಳದೇ ಇದ್ದದ್ದು ಒಂದು ಇದೆ, ಅದು ಇನ್ನೂ ಮುಖ್ಯ. ಶುಲ್ಕ ಒಪ್ಪಿದ ಮೇಲೆ ಕೆಲವು ಮಷೀನುಗಳು ಇನ್ನೊಂದು ಪರದೆ ತೋರಿಸುತ್ತವೆ. 'ನಿಮ್ಮ ಖಾತೆಯಿಂದ ಇಷ್ಟು ರೂಪಾಯಿ ಹೋಗುತ್ತದೆ, ದರ ಖಾತ್ರಿ' ಅಂತ ಇರುತ್ತದೆ. ರೂಪಾಯಿ ನೋಡಿ ಜನಕ್ಕೆ ಸಮಾಧಾನ ಆಗುತ್ತದೆ, ಒಪ್ಪಿಬಿಡುತ್ತಾರೆ. ಆ ದರ ನಿಮ್ಮ ಬ್ಯಾಂಕಿನದಲ್ಲ, ವೀಸಾ ಅಥವಾ ಮಾಸ್ಟರ್‌ಕಾರ್ಡಿನದೂ ಅಲ್ಲ. ಮಷೀನಿನ ಕಡೆಯವರು ತಮ್ಮ ಲಾಭ ಸೇರಿಸಿ ಇಟ್ಟ ದರ. ನೂರಕ್ಕೆ ನಾಲ್ಕೈದು, ಕೆಲವೊಮ್ಮೆ ಅದಕ್ಕೂ ಜಾಸ್ತಿ ಹೋಗುತ್ತದೆ. 20,000 ಬಾತ್ ತೆಗೆಯುವಾಗ ಈ ಒಂದು ಗುಂಡಿಯಲ್ಲಿ ಹೋಗುವುದು 220 ಬಾತ್‌ನ ಸುಮಾರು ನಾಲ್ಕು ಪಟ್ಟು. 'ಕಂಟಿನ್ಯೂ ವಿತೌಟ್ ಕನ್ವರ್ಷನ್' ಅನ್ನುವುದನ್ನೇ ಒತ್ತಿ. ವ್ಯವಹಾರ ರದ್ದಾಗುತ್ತದೆ ಅನ್ನುವ ಭಯ ಬೇಡ. ದುಡ್ಡು ಬರುತ್ತದೆ, ಬಾತ್‌ನಲ್ಲೇ ಲೆಕ್ಕ ಆಗುತ್ತದೆ.

'ಜೀರೋ ಫಾರೆಕ್ಸ್' ಕಾರ್ಡ್ ತಗೊಳ್ಳಲಾ ಅಂತಲೂ ಕೆಲವರು ಕೇಳಿದ್ದಾರೆ. ತಗೊಳ್ಳಿ, ಒಳ್ಳೆಯದೇ. ಆದರೆ ಆ ಜೀರೋ ನಮ್ಮ ಬ್ಯಾಂಕಿನ ಮಾರ್ಕಪ್‌ಗೆ ಮಾತ್ರ. ಥಾಯ್ ಬ್ಯಾಂಕ್ ತನ್ನ 220 ತಗೊಂಡೇ ತಗೊಳ್ಳುತ್ತದೆ. ಮೊದಲೇ ವಿದೇಶಿ ಹಣ ತುಂಬಿಸಿ ಒಯ್ಯುವ ಫಾರೆಕ್ಸ್ ಕಾರ್ಡಿಗೂ ಅದೇ ಮಾತು. ಅದಕ್ಕೆ ಬಾತ್ ತುಂಬಿಸಿದರೆ ಸರಿ. ಡಾಲರ್ ತುಂಬಿಸಿ ಬಾತ್ ತೆಗೆದರೆ ಮತ್ತೊಂದು ಪರಿವರ್ತನೆ ಶುಲ್ಕ ಬೀಳುತ್ತದೆ.

ವರ್ಷಗಟ್ಟಲೆ ಅಲ್ಲಿ ಇರುವವರು ಊರಿನ ಕಾರ್ಡಿನಲ್ಲೇ ಬದುಕುವುದು ತಪ್ಪು. ನಾನ್-ಬಿ ವೀಸಾ (ಅಲ್ಲಿನ ಕೆಲಸಕ್ಕೆ ಕೊಡುವ ವೀಸಾ) ಮತ್ತು ವರ್ಕ್ ಪರ್ಮಿಟ್ ಇದ್ದವರು ಮೊದಲ ತಿಂಗಳೇ ಥಾಯ್ ಖಾತೆ ತೆರೆಯಿರಿ. ಅಲ್ಲಿ ಆ್ಯಪ್ ಮೂಲಕ ಹಣ ಕಳಿಸಲು 2018ರಿಂದ ದೊಡ್ಡ ಬ್ಯಾಂಕುಗಳು ಶುಲ್ಕ ತೆಗೆದುಹಾಕಿವೆ, ತಳ್ಳುಗಾಡಿಯವರೂ ನಮ್ಮ ಯುಪಿಐ ಥರದ ಪ್ರಾಂಪ್ಟ್‌ಪೇ ಕ್ಯೂಆರ್ ಇಟ್ಟಿರುತ್ತಾರೆ. ಎಟಿಎಂ ಕಡೆ ಹೋಗುವ ಅಗತ್ಯವೇ ಕಡಿಮೆ. ನಿಮ್ಮ ಥರ ಡಿಟಿವಿ ಇದ್ದವರಿಗೆ ಖಾತೆ ಸಿಗುವುದು ಕಷ್ಟ. ಶಾಖೆಯಿಂದ ಶಾಖೆಗೆ ಉತ್ತರ ಬೇರೆ ಇರುತ್ತದೆ. ವಲಸೆ ಕಚೇರಿಯಿಂದ ವಾಸದ ಪ್ರಮಾಣಪತ್ರ ತಗೊಂಡು ಎರಡು ಮೂರು ಕಡೆ ಕೇಳಿ. ಸಿಕ್ಕರೆ ಇಲ್ಲಿಂದ ಬ್ಯಾಂಕ್ ಮೂಲಕ ಮೂರು ತಿಂಗಳ ಖರ್ಚು ಒಟ್ಟಿಗೆ ಕಳಿಸಿ, ಆಗ ಕಳಿಸುವ ಶುಲ್ಕ ಒಂದೇ ಸಲ. ಸಿಗದಿದ್ದರೆ ಊರಿಗೆ ಬಂದು ಹೋಗುವಾಗ ಡಾಲರ್ ನೋಟು ಒಯ್ಯಿರಿ. ಒಂದು ಪ್ರಯಾಣಕ್ಕೆ ನೋಟಿನ ರೂಪದಲ್ಲಿ 3,000 ಡಾಲರ್ ತನಕ ಒಯ್ಯಬಹುದು. ವಿಮಾನ ನಿಲ್ದಾಣದ ಬ್ಯಾಂಕ್ ಕೌಂಟರಿನಲ್ಲಿ ಮಾತ್ರ ಬದಲಾಯಿಸಬೇಡಿ, ಪೇಟೆಯಲ್ಲಿ ದರ ಚೆನ್ನಾಗಿರುತ್ತದೆ.

ಖಾತೆ ಸಿಗಲಿಲ್ಲ ಅಂತ ಏಜೆಂಟರ ಹತ್ತಿರ ಬಾಡಿಗೆ ಖಾತೆಗೆ ಕೈ ಹಾಕಬೇಡಿ. ಖಾತೆಯನ್ನು ಬೇರೆಯವರಿಗೆ ಬಳಸಲು ಕೊಡುವುದು 2023ರ ಕಾನೂನಿನ ಪ್ರಕಾರ ಅಲ್ಲಿ ಅಪರಾಧ: ಮೂರು ವರ್ಷದ ತನಕ ಜೈಲು, 3 ಲಕ್ಷ ಬಾತ್ ತನಕ ದಂಡ.

ಪ್ರಶ್ನೆ: ಟೆಲಿಗ್ರಾಂ ಗುಂಪಿನಲ್ಲಿ ಒಬ್ಬರು ಬಾತ್ ತಗೊಂಡು ನನ್ನ ಊರಿನ ಖಾತೆಗೆ ಯುಪಿಐನಲ್ಲಿ ರೂಪಾಯಿ ಹಾಕ್ತೀನಿ ಅಂತಾರೆ. ದರ ಚೆನ್ನಾಗಿದೆ.

ಬೇಡ. ಇದು ನಮ್ಮ ವಿದೇಶಿ ವಿನಿಮಯ ಕಾನೂನಾದ ಫೆಮಾದ ಉಲ್ಲಂಘನೆ. ನಿಮ್ಮ ಖಾತೆಗೆ ಬಂದ ರೂಪಾಯಿ ಯಾರಿಗೋ ಮೋಸ ಮಾಡಿದ ದುಡ್ಡಾಗಿದ್ದರೆ, ಸೈಬರ್ ಪೊಲೀಸರು ಮೊದಲು ತಡೆಹಿಡಿಯುವುದು ನಿಮ್ಮ ಖಾತೆಯನ್ನು. ಊರಿನಲ್ಲಿರುವ ಅಪ್ಪ ಅಮ್ಮನ ಖಾತೆ ಕೊಟ್ಟಿದ್ದರೆ ಅವರು ಠಾಣೆ ಅಲೆಯಬೇಕು. ದರ ಚೆನ್ನಾಗಿದೆ ಅನ್ನುವುದೇ ಎಚ್ಚರಿಕೆ ಅಲ್ವಾ?

ಪ್ರಶ್ನೆ: ತಿಂಗಳಿಗೆ ಐದು ಉಚಿತ ವ್ಯವಹಾರ ಅಲ್ಲಿಗೂ ಅನ್ವಯಿಸುತ್ತದಾ?

ಇಲ್ಲ. ಅದು ಭಾರತದೊಳಗಿನ ನಿಯಮ.

ಪ್ರಶ್ನೆ: ತುರ್ತಿಗೆ ಕ್ರೆಡಿಟ್ ಕಾರ್ಡಿನಲ್ಲಿ ನಗದು?

ಆಸ್ಪತ್ರೆ ಖರ್ಚಿನಂಥ ಸಂದರ್ಭ ಬಿಟ್ಟರೆ ಬೇಡ, ಬಡ್ಡಿ ಅದೇ ದಿನದಿಂದ ಓಡುತ್ತದೆ.

ಪ್ರಶ್ನೆ: ಪಟ್ಟಾಯದ ಮಷೀನಿನಲ್ಲಿ ದುಡ್ಡು ಬರಲಿಲ್ಲ, ಖಾತೆಯಿಂದ ಕಡಿತ ಆಗಿದೆ. ದಿನಕ್ಕೆ 100 ರೂಪಾಯಿ ಪರಿಹಾರ ಸಿಗುತ್ತದೆ ಅಂತ ಗೆಳೆಯರು ಹೇಳುತ್ತಾರೆ.

ಸಿಗುವುದಿಲ್ಲ. ಆರ್‌ಬಿಐನ 2019ರ ಆ ನಿಯಮ ದೇಶದೊಳಗಿನ ವ್ಯವಹಾರಕ್ಕೆ ಮಾತ್ರ. ಗೆಳೆಯರ ಮಾತು ಕೇಳುತ್ತಾ ದಿನ ಕಳೆಯಬೇಡಿ. ಥಾಯ್ ಬ್ಯಾಂಕಿನ ಬಾಗಿಲಿಗೂ ಹೋಗಬೇಡಿ, ದೂರು ಕೊಡಬೇಕಾದ್ದು ಕಾರ್ಡ್ ಕೊಟ್ಟ ನಿಮ್ಮ ಬ್ಯಾಂಕಿಗೆ. ಮಷೀನ್ ಸಂಖ್ಯೆ, ಸಮಯ, ಚೀಟಿಯ ಫೋಟೋ ಸೇರಿಸಿ ಇವತ್ತೇ ಬರೆಯಿರಿ, ದೂರಿನ ಸಂಖ್ಯೆ ತಗೊಳ್ಳಿ. ಮೂವತ್ತು ದಿನದಲ್ಲಿ ಉತ್ತರ ಬರದಿದ್ದರೆ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲೇ ದೂರು ಹಾಕಬಹುದು.