ಹಳೆಯ ಆಲ್ಟೊ ಎಂಜಿನ್‌ನ ಮೇಲ್ಭಾಗದ ಆಯಿಲ್ ಸೋರಿಕೆ
ಎಂಜಿನ್‌ನ ಮೇಲ್ಭಾಗದಿಂದ ಆಯಿಲ್ ಜಿನುಗಿ, ಬಿಸಿಯಾದಾಗ ಸುಟ್ಟ ವಾಸನೆ ಬರುತ್ತದೆ ಎಂದು ನೀವು ಬರೆದಿರುವುದರಿಂದ, ಟ್ಯಾಪೆಟ್ ಕವರ್‌ನ (ಎಂಜಿನ್‌ನ ತುದಿಯನ್ನು ಮುಚ್ಚುವ ಮುಚ್ಚಳದ) ರಬ್ಬರ್ ಪ್ಯಾಕಿಂಗ್ ಗಟ್ಟಿಯಾಗಿರುವ ಸಾಧ್ಯತೆಯೇ ಹೆಚ್ಚು. ಆಯಿಲ್ ಕೆಳಕ್ಕೆ ಹರಿಯುವುದರಿಂದ, ಮೊದಲು ಎಂಜಿನ್ ಒರೆಸಿ, ಸ್ವಲ್ಪ ದೂರ ಓಡಿಸಿ, ಎಲ್ಲಕ್ಕಿಂತ ಮೇಲೆ ಒದ್ದೆಯಾಗಿರುವ ಜಾಗವನ್ನು ಗುರುತಿಸಿ. ಅದು ಕವರ್‌ನ ಅಂಚಿಗಿಂತ ಕೆಳಗಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್‌ನ ಹೆಡ್ ಮತ್ತು ಬ್ಲಾಕ್ ನಡುವಿನ ಪ್ಯಾಕಿಂಗ್) ಅಥವಾ ಬೇರೊಂದು ಆಯಿಲ್ ಸೀಲ್ ಕಾರಣವಿರಬಹುದು, ಕಣ್ಣಾರೆ ನೋಡದೆ ಖಚಿತವಾಗಿ ಹೇಳಲಾರೆ, ಆ ಕೆಲಸವನ್ನು ಮೆಕ್ಯಾನಿಕ್‌ಗೆ ಬಿಡಿ.

ಕವರ್‌ನ ಅಂಚಿನಿಂದಲೇ ಸೋರುತ್ತಿದ್ದರೆ, ಎಂಜಿನ್ ಪೂರ್ತಿ ತಣಿದ ಮೇಲೆ ಕವರ್ ಬಿಚ್ಚಿ, ಹಳೆಯ ಪ್ಯಾಕಿಂಗ್ ತೆಗೆದು, ಕವರ್ ಮತ್ತು ಅದು ಕೂರುವ ಹೆಡ್, ಎರಡರ ಅಂಚುಗಳನ್ನೂ ಪ್ಲಾಸ್ಟಿಕ್ ಪಟ್ಟಿಯಿಂದಲೇ ಕೆರೆದು ಒರೆಸಿ. ಅಲ್ಯೂಮಿನಿಯಂ ಮೇಲೆ ಸ್ಕ್ರೂಡ್ರೈವರ್‌ನ ಗೀರು ಬಿದ್ದರೆ ಹೊಸ ಪ್ಯಾಕಿಂಗ್ ಹಾಕಿದರೂ ಸೋರುತ್ತದೆ. ಹೊಸದನ್ನು ಕವರ್‌ನ ಕಾಲುವೆಯಲ್ಲಿ ಕೂರಿಸಿ, ಬೋಲ್ಟ್‌ಗಳನ್ನು ಎರಡು ಮೂರು ಸುತ್ತಿನಲ್ಲಿ ಸಮನಾಗಿ ಬಿಗಿಮಾಡಿ. ಅತಿಯಾಗಿ ಬಿಗಿದರೆ ರಬ್ಬರ್ ಹಿಂಡಿಹೋಗುತ್ತದೆ. ಎಂಜಿನ್‌ನ ಒಳಗೆ ಸೇರುವ ಅನಿಲವನ್ನು ಹೊರಗೆಳೆಯುವ ಪಿಸಿವಿ ವಾಲ್ವ್ ಕಟ್ಟಿಕೊಂಡಿದ್ದರೆ ಒಳಗಿನ ಒತ್ತಡ ಏರಿ ಮತ್ತೆ ಸೋರುವುದರಿಂದ, ಅದನ್ನೂ ಇದೇ ಸಲ ಪರೀಕ್ಷಿಸಿ.