ಭಾಜ್ಯ ಸರಿ, ಭಾಜಕ ತಪ್ಪು

ಅಮೆರಿಕದ ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿ ನೆಲೆಸಿರುವ ಓದುಗರೊಬ್ಬರು ಸಿಟ್ಟಿನಿಂದ ಬರೆದಿದ್ದಾರೆ. ಆ ಊರಿರುವ ಸಾಂತಾ ಕ್ಲಾರಾ ಕೌಂಟಿಯ (ನಮ್ಮ ಜಿಲ್ಲೆಯಂಥದು) 2013ರ ಗಣತಿಯಲ್ಲಿ ಸಿಕ್ಕ ಮನೆಯಿಲ್ಲದವರು 7,631. ಅವರ ಹೆಸರಿನಲ್ಲಿ ವರ್ಷಕ್ಕೆ 52 ಕೋಟಿ ಡಾಲರ್ ಸಾರ್ವಜನಿಕ ಹಣ ಖರ್ಚಾಗಿದೆಯಂತೆ. ‘ತಲೆಗೆ 68 ಸಾವಿರ! ಅಷ್ಟರಲ್ಲಿ ಎಲ್ಲರಿಗೂ ಬಾಡಿಗೆ ಕಟ್ಟಬಹುದಿತ್ತು. ದುಡ್ಡು ತಿಂದವರು ಯಾರು?’

ಉತ್ತರ: ತೆರಿಗೆ ಕಟ್ಟುವ ನಿಮಗೆ ಲೆಕ್ಕ ಕೇಳುವ ಹಕ್ಕಿದೆ. ಕೇಳುವವರೇ ಕಡಿಮೆಯಾಗಿರುವಾಗ ನೀವು ಕೇಳಿದ್ದು ಸಂತೋಷ. ಆದರೆ ಸ್ವಾಮಿ, 7,631 ಒಂದೆರಡು ರಾತ್ರಿಯ ಎಣಿಕೆ. 52 ಕೋಟಿ 2007ರಿಂದ 2012ರವರೆಗಿನ ವಾರ್ಷಿಕ ಸರಾಸರಿ. ಎಕನಾಮಿಕ್ ರೌಂಡ್‌ಟೇಬಲ್ ಎಂಬ ಸಂಶೋಧನಾ ಸಂಸ್ಥೆ 2015ರಲ್ಲಿ ಈ ಲೆಕ್ಕ ಹಾಕಿದ್ದು ಆಸ್ಪತ್ರೆ, ಮಾನಸಿಕ ಆರೋಗ್ಯ, ಜೈಲು, ಕಲ್ಯಾಣ ಇಲಾಖೆಗಳ ಕಡತಗಳನ್ನು ವ್ಯಕ್ತಿವಾರು ಜೋಡಿಸಿ. ಆ ಆರು ವರ್ಷಗಳಲ್ಲಿ ಒಮ್ಮೆಯಾದರೂ ಸೂರು ಕಳೆದುಕೊಂಡವರು 1,04,206 ಮಂದಿ. ಈಗ ಭಾಗಿಸಿ, ತಲೆಗೆ ವರ್ಷಕ್ಕೆ ಸುಮಾರು 5 ಸಾವಿರ ಡಾಲರ್. ಈ ಸರಾಸರಿಯನ್ನೂ ನಂಬಿ ಕೂರಬೇಡಿ. ಒಟ್ಟು ಖರ್ಚಿನ ಶೇ 47ರಷ್ಟು ಹೋದದ್ದು ಶೇ 5 ಜನರ ಮೇಲೆ, ತಲಾ ಲಕ್ಷ ಡಾಲರಿಗೂ ಹೆಚ್ಚು. ಅರ್ಧಕ್ಕಿಂತ ಹೆಚ್ಚು ಹಣ ನುಂಗಿದ್ದು ಚಿಕಿತ್ಸೆ.

ರಾತ್ರಿ ಎಣಿಕೆ ಹೇಗೆ ನಡೆಯುತ್ತದೆ ನೋಡಿ. ಜನವರಿಯ ಕೊನೆಯ ಹತ್ತು ದಿನಗಳಲ್ಲಿ ಒಂದೆರಡು ಮುಂಜಾವ, ಬೆಳಕು ಹರಿಯುವ ಮೊದಲೇ ಸ್ವಯಂಸೇವಕರು ಪ್ರದೇಶ ಹಂಚಿಕೊಂಡು ಹೊರಡುತ್ತಾರೆ. ಡೇರೆಯೊಳಗೆ ಇಣುಕುವಂತಿಲ್ಲ. ಕಿಟಕಿಗೆ ರಟ್ಟು ಅಡ್ಡವಿಟ್ಟ ವ್ಯಾನಿನಲ್ಲಿ ಮಲಗಿರುವವರು ಒಬ್ಬರೋ ನಾಲ್ವರೋ ತಿಳಿಯದು. ಹಾಗಾಗಿ ವಾಹನ, ಡೇರೆಗಳನ್ನು ಎಣಿಸಿ, ಸಮೀಕ್ಷೆಯಿಂದ ಬಂದ ಸರಾಸರಿಯಿಂದ ಗುಣಿಸುತ್ತಾರೆ. ನೆಂಟರ ಸೋಫಾದ ಮೇಲೆ ಮಲಗಿದವಳು ಲೆಕ್ಕಕ್ಕಿಲ್ಲ. ಅಮೆರಿಕದ ಕೇಂದ್ರ ವಸತಿ ಇಲಾಖೆಯ ವ್ಯಾಖ್ಯೆಯ ಪ್ರಕಾರ, ಆ ರಾತ್ರಿ ಜೈಲಿನಲ್ಲೋ ಆಸ್ಪತ್ರೆಯಲ್ಲೋ ಇದ್ದವನೂ ಇಲ್ಲ. ಬೊಕ್ಕಸಕ್ಕೆ ಅತಿ ದುಬಾರಿ ಬೀಳುವವನೇ ಪಟ್ಟಿಯಿಂದ ಹೊರಗೆ! ಒಂದೇ ಕ್ರಮದಲ್ಲಿ ಎಣಿಸುತ್ತ ಹೋದರೆ ಏರಿಳಿತ ಗೊತ್ತಾಗುತ್ತದೆ, ಒಪ್ಪೋಣ. ಅದಕ್ಕಿಂತ ಹೆಚ್ಚಿನದನ್ನು ಅದರಿಂದ ನಿರೀಕ್ಷಿಸಬಾರದು.

ಬಾಡಿಗೆ ಕಟ್ಟಬಹುದಿತ್ತು ಎಂದಿರಿ. ಆ ಮಾತಿಗೆ ನನ್ನ ಪೂರ್ಣ ಬೆಂಬಲ. ಅದೇ ಅಧ್ಯಯನದಲ್ಲಿ, ಮನೆ ಸಿಕ್ಕು ಅಲ್ಲೇ ನಿಂತವರ ವಾರ್ಷಿಕ ಖರ್ಚು 62,473 ಡಾಲರಿನಿಂದ 19,767ಕ್ಕೆ ಇಳಿಯಿತು. ಇದನ್ನು ಹಿಡಿದು ಕುಣಿಯುವವರಿಗೂ ಒಂದು ಎಚ್ಚರಿಕೆ: ಆರಿಸಿಕೊಂಡದ್ದು ಅತಿ ದುಬಾರಿಯಾದವರನ್ನು. ಅಂಥವರ ಖರ್ಚು ಮರುವರ್ಷ ತಾನಾಗಿಯೂ ಒಂದಿಷ್ಟು ಇಳಿಯುತ್ತದೆ. ಅದೇ ಕೌಂಟಿಯಲ್ಲಿ ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ನಡೆಸಿದ ಪ್ರಯೋಗದ ಫಲಿತಾಂಶ 2020ರಲ್ಲಿ ಬಂತು. ಮನೆ ಕೊಡಲು ಆರಿಸಿದ ಗುಂಪಿನ ಶೇ 86 ಮಂದಿಗೆ ಮನೆ ಸಿಕ್ಕಿತು, ಮನೋರೋಗದ ತುರ್ತು ಭೇಟಿಗಳು ಇಳಿದವು. ಸಾಮಾನ್ಯ ಆಸ್ಪತ್ರೆ ದಾಖಲಾತಿಯಲ್ಲಿ ಮಾತ್ರ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಉಳಿತಾಯ ಆಗದಿದ್ದರೇನು? ಬೀದಿಯಲ್ಲಿದ್ದವನಿಗೆ ಬೀಗವಿರುವ ಬಾಗಿಲು ಸಿಕ್ಕಿತು. ಉಳಿತಾಯ ತೋರಿಸಿದರೆ ಮಾತ್ರ ಮನೆ ಎಂಬ ಷರತ್ತನ್ನು ಬಡವನಿಗಷ್ಟೇ ಏಕೆ ಹಾಕುತ್ತೇವೆ?

ನಮ್ಮಲ್ಲಾದರೋ, 2011ರ ಫೆಬ್ರುವರಿ 28ರ ರಾತ್ರಿ ಎಣಿಸಿ, ಕರ್ನಾಟಕದಲ್ಲಿ ಸೂರಿಲ್ಲದವರು 76,735 ಎಂದು ಬರೆದುಕೊಂಡೆವು. 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ಆಸ್ತಿ ತೆರಿಗೆಯ ಮೇಲೆ ಶೇ 3 ಉಪಕರ ಕಟ್ಟುತ್ತೇವೆ. ಅದು ಎಷ್ಟು ಸಂಗ್ರಹವಾಯಿತು, ಅದರಲ್ಲಿ ಎಷ್ಟು ಭಿಕ್ಷುಕರನ್ನು ಇರಿಸುವ ಪರಿಹಾರ ಕೇಂದ್ರವನ್ನು ತಲುಪಿತು, ಅಲ್ಲಿಂದ ಹೊರಬಿದ್ದವನು ಎಷ್ಟು ಸಲ ಸರ್ಕಾರಿ ಆಸ್ಪತ್ರೆಗೆ, ಠಾಣೆಗೆ, ಮತ್ತೆ ಅದೇ ಕೇಂದ್ರಕ್ಕೆ ಮರಳಿದ ಎಂಬುದನ್ನು ಒಂದೇ ಕಡತಕ್ಕೆ ತಂದು ಪ್ರಕಟಿಸುವ ಪರಿಪಾಠ ನಮ್ಮಲ್ಲಿ ಬೆಳೆದಿಲ್ಲ. ಬೆಂಗಳೂರಿನಲ್ಲಿ ನಿಮ್ಮ ಹೆಸರಿನಲ್ಲೊಂದು ನಿವೇಶನವೋ ಫ್ಲ್ಯಾಟೋ ಇದ್ದರೆ ರಸೀದಿ ತೆಗೆದು ಆ ಉಪಕರದ ಸಾಲು ನೋಡಿ. ಇನ್ನೊಂದು ಪತ್ರವನ್ನು ಪಾಲಿಕೆಗೂ ಬರೆಯಿರಿ.